ಹ್ಯಾಮ್ ಜಾಲದಲ್ಲಿ ಹೆಸರು ಯಾರದ್ದು? ಡೊಮೇನ್ ನೋಡಿಕೊಳ್ಳಲು, ತಕರಾರು ಬಗೆಹರಿಸಲು ಕ್ಲಬ್‌ಗಳಿಗೊಂದು ಮಾರ್ಗದರ್ಶಿ

ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ) ಮೇಲೆ ಇಂಟರ್ನೆಟ್ ಮಾದರಿಯ ಐಪಿ ಜಾಲ ಕಟ್ಟಲು ಹೊರಟವರ ತಲೆಯಲ್ಲಿ ಮೊದಲು ಓಡುವುದು ಆಂಟೆನಾ, ರೂಟರ್, ಟವರ್. ಆದರೆ ಕ್ಲಬ್‌ನಲ್ಲಿ ಮನಸ್ತಾಪ ಬರುವುದು ಆಂಟೆನಾ ವಿಷಯಕ್ಕಲ್ಲ. ಡೊಮೇನ್, ಅಂದರೆ ಜಾಲದ ಮೇಲಿನ ಹೆಸರು, ಯಾರ ಖಾತೆಯಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಸಂಕೇತವನ್ನು ಹಿಡಿದು ದೂರಕ್ಕೆ ದಾಟಿಸುವ ರಿಪೀಟರ್‌ನ ಹೆಸರನ್ನು ಕೇಳದೆ ಬದಲಾಯಿಸಿದ್ದು ಯಾರು, ಈ ಲಿಂಕ್ ಮೇಲೆ ಇಂಥದ್ದನ್ನು ಕಳಿಸಬಹುದಾ ಎಂಬ ವಿಷಯಗಳಿಗೆ ಮಾತು ಬೆಳೆಯುತ್ತದೆ. ಹೆಸರಿನ ನಿಯಮಗಳನ್ನು ತಕರಾರು ಹುಟ್ಟುವ ಮೊದಲೇ ಬರೆದಿಡಬೇಕು. ತಕರಾರು ಶುರುವಾದ ಮೇಲೆ ಬರೆದ ನಿಯಮವನ್ನು ಯಾವ ಕಡೆಯವರೂ ನಂಬುವುದಿಲ್ಲ. ಆ ನಿಯಮಗಳಲ್ಲಿ ಏನೇನಿರಬೇಕು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಹೆಸರು ಎಲ್ಲಿಂದ ಬಂದಿದೆ ಎಂದು ಪಟ್ಟಿ ಮಾಡಿ

ಕ್ಲಬ್ ಬಳಸುವ ಎಲ್ಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದನ್ನು ಕೊಟ್ಟವರು ಯಾರು ಎಂದು ಗುರುತು ಹಾಕಿ. ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ.

ಮೊದಲನೆಯದು ಹ್ಯಾಮ್‌ಗಳ 44ರ ಜಾಲಕ್ಕೆಂದೇ ಇರುವ ಎಎಂಪಿಆರ್ ಡಾಟ್ ಆರ್ಗ್ ಡೊಮೇನಿನ ಕೆಳಗಿನ ಹೆಸರುಗಳು. 44ರಿಂದ ಶುರುವಾಗುವ ಐಪಿ ವಿಳಾಸಗಳನ್ನು 1981ರಲ್ಲಿ ಹ್ಯಾಂಕ್ ಮಗ್ನುಸ್ಕಿ ಎಂಬ ಅಮೆರಿಕದ ಒಬ್ಬ ಹ್ಯಾಮ್ (ಹ್ಯಾಮ್ ರೇಡಿಯೋ ನಡೆಸುವವರು), ಪ್ರಪಂಚದ ಎಲ್ಲ ಹ್ಯಾಮ್‌ಗಳ ಬಳಕೆಗೆಂದು ಪಡೆದುಕೊಂಡರು. ಒಟ್ಟು ಸುಮಾರು 1.68 ಕೋಟಿ ವಿಳಾಸಗಳು. ಇಂಟರ್ನೆಟ್ ಇನ್ನೂ ಕೂಸಾಗಿದ್ದ ಕಾಲ ಅದು. ಬ್ರಯನ್ ಕ್ಯಾಂಟರ್ ದಶಕಗಳ ಕಾಲ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನಿಂದ ಈ ಜಾಲವನ್ನು ನೋಡಿಕೊಂಡರು. 2011ರಲ್ಲಿ ಇದಕ್ಕಾಗಿಯೇ ಎಆರ್‌ಡಿಸಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಈಗ ವಿಳಾಸವನ್ನೂ ಹೆಸರನ್ನೂ ಕೊಡುವುದು ಆ ಸಂಸ್ಥೆಯೇ. ಪೋರ್ಟಲ್‌ನಲ್ಲಿ ಖಾತೆ ತೆರೆದು, ಲೈಸೆನ್ಸ್ ತೋರಿಸಿ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ನಿಮ್ಮದೇ ಎಂದು ಖಾತ್ರಿ ಮಾಡಿದರೆ, ಕಾಲ್‌ಸೈನ್ ಡಾಟ್ ಎಎಂಪಿಆರ್ ಡಾಟ್ ಆರ್ಗ್ ರೂಪದ ಹೆಸರು ಸಿಗುತ್ತದೆ. ಇದು ಖರೀದಿಸಿದ ಆಸ್ತಿ ಅಲ್ಲ, ಬಳಸಲು ಕೊಟ್ಟ ಅನುಮತಿ. ಮಾರುವಂತಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ.

ಎರಡನೆಯದು ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿ ಕೊಡುವ ಕಂಪನಿ) ಹತ್ತಿರ ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಪಡೆದ ಡಾಟ್ ಇನ್, ಡಾಟ್ ಆರ್ಗ್ ಮುಂತಾದ ಹೆಸರು. ಇಲ್ಲಿ ಕಾಲ್‌ಸೈನ್‌ಗೆ ಯಾವ ಬೆಲೆಯೂ ಇಲ್ಲ. ಖಾತೆ ಯಾರದ್ದೋ ಹೆಸರು ಅವರದ್ದು.

ಮೂರನೆಯದು ಯಾರನ್ನೂ ಕೇಳದೆ ಸುಮ್ನೆ ಇಟ್ಟುಕೊಂಡ ಒಳಗಿನ ಹೆಸರು. ಒಂದು ಯಂತ್ರ ಇನ್ನೊಂದಕ್ಕೆ ದಾಟಿಸುತ್ತಾ ಹೋಗುವ ಮೆಶ್ ಜಾಲಗಳಲ್ಲಿ ಇದು ಜಾಸ್ತಿ. ಎಆರ್‌ಇಡಿಎನ್ ಎಂಬ ಹ್ಯಾಮ್ ಮೆಶ್ ಯೋಜನೆಯ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಹಾಕಿದ ನೋಡ್‌ಗಳು, ಅಂದರೆ ಜಾಲದ ಯಂತ್ರಗಳು, ಲೋಕಲ್ ಡಾಟ್ ಮೆಶ್ ಎಂಬ ಹೆಸರಿನ ಕೆಳಗೆ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಜಾಲದೊಳಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನೀವೇ ಹೊಸದಾಗಿ ಡಾಟ್ ಹ್ಯಾಮ್ ಎಂದು ಒಂದು ತುದಿಯನ್ನು (ಡಾಟ್ ಕಾಮ್‌ನಂತೆ ಹೆಸರಿನ ಕೊನೆಯ ಭಾಗ) ಹುಟ್ಟಿಸಬೇಡಿ. ಡಾಟ್ ದೇವ್ ಕಥೆ ನೆನಪಿರಲಿ. ಎಷ್ಟೋ ಪ್ರೋಗ್ರಾಮರ್‌ಗಳು ತಮ್ಮ ಕಂಪ್ಯೂಟರಿನೊಳಗೆ ಅದನ್ನು ಸ್ವಂತ ತುದಿ ಎಂಬಂತೆ ಬಳಸುತ್ತಿದ್ದರು. ಗೂಗಲ್ ಅದನ್ನು ನಿಜವಾದ ತುದಿಯಾಗಿ ಪಡೆದುಕೊಂಡಿತು. 2017ರ ಕೊನೆಯಲ್ಲಿ ಕ್ರೋಮ್ ಬ್ರೌಸರ್ ಆ ಹೆಸರುಗಳಿಗೆಲ್ಲ ಎಚ್‌ಟಿಟಿಪಿಎಸ್ (ಗುಪ್ತಲಿಪಿಯ ಸಂಪರ್ಕ) ಕಡ್ಡಾಯ ಮಾಡಿತು. ಅವರ ಒಳಗಿನ ಪುಟಗಳು ರಾತ್ರೋರಾತ್ರಿ ತೆರೆಯದಂತಾದವು. ಒಳಗಿನ ಬಳಕೆಗೇ ಹೆಸರು ಬೇಕು ಎಂದರೆ 2024ರಲ್ಲಿ ಡೊಮೇನ್ ಹೆಸರುಗಳ ಜಾಗತಿಕ ಸಂಸ್ಥೆ ಐಕ್ಯಾನ್ ಅದಕ್ಕೆಂದೇ ಮೀಸಲಿಟ್ಟ ಡಾಟ್ ಇಂಟರ್ನಲ್ ಇದೆ. ಅದಕ್ಕಿಂತ ಒಳ್ಳೆಯದು, ನಿಮ್ಮ ಕೈಯಲ್ಲಿರುವ ಡೊಮೇನಿನ ಕೆಳಗೇ ಒಂದು ಉಪ-ಹೆಸರು ಮಾಡಿಕೊಳ್ಳುವುದು. ಅದಕ್ಕೆ ಬೇರೆ ಯಾರೂ ಹಕ್ಕು ಹೇಳಲಾರರು.

ಹೆಜ್ಜೆ 2: ಕಾಲ್‌ಸೈನ್ ನಿಯಮ ಬರೆಯಿರಿ

ನಿಲ್ದಾಣದ ಹೆಸರು ಕಾಲ್‌ಸೈನ್‌ನಿಂದಲೇ ಶುರುವಾಗಲಿ. ಎಆರ್‌ಇಡಿಎನ್‌ನಲ್ಲೂ ನೋಡ್ ಹೆಸರಿನ ರೂಢಿ ಇದೇ. ಕಾಲ್‌ಸೈನ್ ಅನ್ನು ಸರ್ಕಾರ ಕೊಡುತ್ತದೆ, ಒಂದು ಹೊತ್ತಿಗೆ ಒಬ್ಬರಿಗೇ ಕೊಡುತ್ತದೆ. ಹಾಗಾಗಿ "ಈ ಹೆಸರು ಯಾರದ್ದು" ಎಂಬ ಪ್ರಶ್ನೆಗೆ ಉತ್ತರ ಲೈಸೆನ್ಸಿನಲ್ಲೇ ಇರುತ್ತದೆ, ಅಧ್ಯಕ್ಷರ ಮರ್ಜಿಯಲ್ಲಿ ಅಲ್ಲ. ಅರ್ಧಕ್ಕರ್ಧ ತಕರಾರು ಇಲ್ಲೇ ಇಲ್ಲವಾಗುತ್ತದೆ.

ಹೆಸರಿನ ರೂಪ ಹೀಗಿರಲಿ. ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಅಡ್ಡಗೆರೆ ಮಾತ್ರ ನಡೆಯುತ್ತದೆ. ಚುಕ್ಕೆಗಳ ನಡುವಿನ ಒಂದು ತುಂಡು 63 ಅಕ್ಷರ ಮೀರಬಾರದು. ಊರಿಂದಾಚೆ ಹೋದಾಗ ಕಾಲ್‌ಸೈನ್ ಹಿಂದೆ ಓರೆಗೆರೆ ಹಾಕಿ "ಪಿ" ಸೇರಿಸುವ ಅಭ್ಯಾಸ ನಮ್ಮಲ್ಲಿದೆ, ಆ ಓರೆಗೆರೆ ಇಲ್ಲಿ ನಡೆಯುವುದಿಲ್ಲ. ಅದರ ಜಾಗದಲ್ಲಿ ಅಡ್ಡಗೆರೆ ಹಾಕಿ. ಪ್ಯಾಕೆಟ್ ರೇಡಿಯೋದಲ್ಲಿ (ಡೇಟಾವನ್ನು ತುಣುಕುಗಳಾಗಿ ಕಳಿಸುವ ವಿಧಾನ) ಒಂದೇ ಕಾಲ್‌ಸೈನ್‌ನ ಬೇರೆ ಬೇರೆ ನಿಲ್ದಾಣ ಗುರುತಿಸಲು 0ಯಿಂದ 15ರವರೆಗಿನ ಎಸ್‌ಎಸ್‌ಐಡಿ ಬಳಸುವವರು ಅದೇ ಅಂಕಿಯನ್ನು ಹೆಸರಿನಲ್ಲೂ ಇಟ್ಟುಕೊಂಡರೆ ಲಾಗ್ ಓದುವುದು ಸುಲಭ.

ನಮ್ಮ ದೇಶದಲ್ಲಿ ಒಂದು ಕಷ್ಟ ಮತ್ತೆ ಮತ್ತೆ ಬರುತ್ತದೆ. ಹ್ಯಾಮ್ ಲೈಸೆನ್ಸಿನ ಕೆಳಗಿನ ಹಂತವಾದ ರಿಸ್ಟ್ರಿಕ್ಟೆಡ್ ಗ್ರೇಡ್ ಪಾಸಾದವರಿಗೆ ವಿಯು3 ಸಾಲಿನ ಕಾಲ್‌ಸೈನ್ ಸಿಗುತ್ತದೆ. ಮುಂದೆ ಜನರಲ್ ಗ್ರೇಡ್ ಪರೀಕ್ಷೆ ಕಟ್ಟಿ ಪಾಸಾದರೆ ವಿಯು2 ಸಾಲಿನದ್ದು ಸಿಗಬಹುದು. ಕಾಲ್‌ಸೈನ್ ಬದಲಾಯಿತು ಎಂದರೆ ಹೆಸರೂ ಬದಲಾಗಬೇಕು. ಹಳೆಯ ಹೆಸರನ್ನು ಅದೇ ದಿನ ಅಳಿಸಿದರೆ ಅದನ್ನು ನಂಬಿಕೊಂಡಿದ್ದ ಲಿಂಕ್‌ಗಳೆಲ್ಲ ಸಾಯುತ್ತವೆ. ಹಾಗಾಗಿ ನಿಯಮದಲ್ಲಿ ಹೀಗೆ ಬರೆಯಿರಿ: ಹೊಸ ಹೆಸರಿಗೆ ಎ ರೆಕಾರ್ಡ್ (ಹೆಸರಿನ ಐಪಿ ವಿಳಾಸ ಹೇಳುವ ಸಾಲು), ಹಳೆಯ ಹೆಸರಿಂದ ಹೊಸದಕ್ಕೆ ಸಿನೇಮ್ ರೆಕಾರ್ಡ್ (ಒಂದು ಹೆಸರಿಂದ ಇನ್ನೊಂದು ಹೆಸರಿಗೆ ಕೈ ತೋರಿಸುವ ಸಾಲು), ಆರು ತಿಂಗಳ ನಂತರ ಹಳೆಯದು ರದ್ದು. ಆರು ತಿಂಗಳು ಎನ್ನುವುದು ನನ್ನ ಸಲಹೆ ಅಷ್ಟೇ. ಎಷ್ಟಾದರೂ ಇರಲಿ, ಬರವಣಿಗೆಯಲ್ಲಿ ಇರಲಿ.

ಸೈಲೆಂಟ್ ಕೀ ಆದವರ, ಅಂದರೆ ತೀರಿಕೊಂಡ ಹ್ಯಾಮ್‌ಗಳ, ಹೆಸರಿನ ವಿಷಯವನ್ನು ಮೃದುವಾಗಿ ನೋಡಿ. ಅವರ ಲೈಸೆನ್ಸ್ ಮುಗಿದ ಮೇಲೆ ಆ ಕಾಲ್‌ಸೈನ್ ಹೊತ್ತ ನಿಲ್ದಾಣ ಗಾಳಿಯಲ್ಲಿ ಮುಂದುವರಿಯುವಂತಿಲ್ಲ. ಆದರೆ ಅವರು ನಡೆಸುತ್ತಿದ್ದ ಸರ್ವರ್‌ನಲ್ಲಿ ಊರಿಗೆಲ್ಲ ಬೇಕಾದ ನಕ್ಷೆ, ಲಾಗ್ ಇರಬಹುದು. ಮನೆಯವರನ್ನು ಕೇಳಿ, ಅದನ್ನು ಕ್ಲಬ್ ಕಾಲ್‌ಸೈನ್ ಕೆಳಗೆ ತನ್ನಿ. ಮುಂದೊಂದು ದಿನ ಅದೇ ಕಾಲ್‌ಸೈನ್ ಬೇರೆಯವರಿಗೆ ಸಿಕ್ಕರೆ ಹೆಸರಿನ ಹಕ್ಕು ಅವರಿಗೆ, ಹಳೆಯ ಮಾಹಿತಿಯ ಹಕ್ಕು ಅವರಿಗಲ್ಲ. ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿಡಿ.

ಹೆಜ್ಜೆ 3: ಕೀಲಿ ಒಬ್ಬರ ಕೈಯಲ್ಲಿ ಬೇಡ

ಹಣ ಕಟ್ಟಿ ಪಡೆದ ಡೊಮೇನ್ ಇದ್ದರೆ ಈ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಉತ್ಸಾಹಿ ಸದಸ್ಯರೊಬ್ಬರು ತಮ್ಮ ಸ್ವಂತ ಕಾರ್ಡಿನಿಂದ, ಸ್ವಂತ ಇಮೇಲ್‌ನಿಂದ ಡೊಮೇನ್ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಕೆಲವು ವರ್ಷ ಕಳೆದ ಮೇಲೆ ಅವರು ಬೇರೆ ಊರಿಗೆ ಹೋಗುತ್ತಾರೆ, ಇಲ್ಲವೇ ಸಮಿತಿಯ ಮೇಲೆ ಮುನಿಸಿಕೊಳ್ಳುತ್ತಾರೆ. ಕಾನೂನಿನ ಕಣ್ಣಿಗೆ ಡೊಮೇನ್ ಅವರದ್ದೇ, ಕ್ಲಬ್ ಬರೀ ಬಳಕೆದಾರ.

ನೋಂದಣಿ ಆದ ಕ್ಲಬ್ ಆಗಿದ್ದರೆ ಡೊಮೇನನ್ನು ಕ್ಲಬ್‌ನ ಹೆಸರಿಗೇ ಮಾಡಿಸಿ. ಸಂಪರ್ಕದ ಇಮೇಲ್ ವ್ಯಕ್ತಿಯದ್ದಾಗದೆ ಹುದ್ದೆಯದ್ದಾಗಿರಲಿ. ಆ ಇಮೇಲ್ ಇದೇ ಡೊಮೇನಿನ ಮೇಲೆ ಇರಬಾರದು, ಯಾಕೆಂದರೆ ಡೊಮೇನ್ ನಿಂತ ದಿನ ಅದನ್ನು ಬಿಡಿಸಿಕೊಳ್ಳುವ ಇಮೇಲೂ ನಿಲ್ಲುತ್ತದೆ. ಎರಡನೇ ಹಂತದ ಪರಿಶೀಲನೆ ಒಬ್ಬರ ಫೋನಿಗೆ ಮಾತ್ರ ಹೋಗುವಂತಿದ್ದರೆ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ, ಕವರಿನಲ್ಲಿಟ್ಟು, ಖಜಾಂಚಿಯ ಹತ್ತಿರ ಕೊಡಿ. ಹಣ ಕ್ಲಬ್ ಖಾತೆಯಿಂದಲೇ ಹೋಗಲಿ, ರಸೀದಿ ಫೈಲಿನಲ್ಲಿರಲಿ. ಮುಂದೆ ತಕರಾರು ಬಂದರೆ ಈ ರಸೀದಿ ಮತ್ತು ಸಭೆಯ ನಡಾವಳಿ ಪುಸ್ತಕವೇ ಸಾಕ್ಷಿ.

ನವೀಕರಣ ಮರೆತರೆ ಏನಾಗುತ್ತದೆ ಎಂದೂ ತಿಳಿದಿರಲಿ. ಡಾಟ್ ಆರ್ಗ್, ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಒಂದಷ್ಟು ದಿನ ಸಮಯ ಕೊಡಬಹುದು, ಅದು ಹೆಚ್ಚೆಂದರೆ 45 ದಿನ. ಅಳಿಸಿದ ಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಈ ದಂಡ ಜೋರಾಗಿಯೇ ಇರುತ್ತದೆ. ಅದರ ಮೇಲೆ 5 ದಿನ ಏನೂ ಮಾಡಲಾಗದ ಸ್ಥಿತಿ, ಆಮೇಲೆ ಹೆಸರು ಯಾರಿಗೆ ಬೇಕಾದರೂ ಮುಕ್ತ. ಕ್ಲಬ್ ಬಿಟ್ಟ ಹೆಸರನ್ನು ಯಾವುದೋ ಜೂಜಿನ ಸೈಟು ಎತ್ತಿಕೊಂಡು ಹೋದರೆ ಹಳೆಯ ಕೊಂಡಿಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸಾಧ್ಯವಾದರೆ ಒಮ್ಮೆಗೇ ಐದು ವರ್ಷಕ್ಕೆ ಕಟ್ಟಿಬಿಡಿ.

ಬ್ರಯನ್ ಕ್ಯಾಂಟರ್ 2019ರ ನವೆಂಬರಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ಒಬ್ಬರೇ ಹೊತ್ತಿದ್ದ ಜಾಲ ಅವರ ಜೊತೆಗೇ ನಿಂತುಹೋಗದಿರಲು ಒಂದು ಮುಖ್ಯ ಕಾರಣ, ಎಂಟು ವರ್ಷ ಮೊದಲೇ ವಿಳಾಸಗಳೂ ಹೆಸರೂ ಸಂಸ್ಥೆಯ ಕೈಗೆ ಬರುವಂತೆ ಮಾಡಿದ್ದು. ಸಣ್ಣ ಕ್ಲಬ್‌ಗೂ ಇದೇ ಲೆಕ್ಕ.

ಹೆಜ್ಜೆ 4: ಝೋನ್ ಫೈಲ್ ಶಿಸ್ತು

ನೇಮ್‌ಸರ್ವರ್ (ಹೆಸರು ಕೇಳಿದರೆ ವಿಳಾಸ ಹೇಳುವ ಯಂತ್ರ) ನೀವೇ ನಡೆಸುತ್ತಿದ್ದರೆ ಎರಡು ಇರಲಿ, ಅದರಲ್ಲಿ ಒಂದಾದರೂ ರೇಡಿಯೋ ಲಿಂಕ್‌ನಿಂದಲೇ ತಲುಪುವಂತಿರಲಿ. ಎರಡೂ ಇಂಟರ್ನೆಟ್ ಕಡೆಯೇ ಇದ್ದರೆ, ಫೈಬರ್ ಕತ್ತರಿಸಿದ ದಿನ ರೇಡಿಯೋ ನಡೆಯುತ್ತಿದ್ದರೂ ಹೆಸರು ಸಿಗುವುದಿಲ್ಲ. ಜಾಲ ಕಟ್ಟಿದ್ದೇ ಅಂಥ ದಿನಕ್ಕಾಗಿ, ಅಲ್ವಾ?

ಹೆಸರು, ವಿಳಾಸಗಳ ಪಟ್ಟಿ ಇರುವ ಝೋನ್ ಫೈಲ್ ಕೈಯಿಂದ ತಿದ್ದುವವರು ಎರಡು ಕಡೆ ಎಡವುತ್ತಾರೆ. ಒಂದು, ಸೀರಿಯಲ್ ಸಂಖ್ಯೆ. ವರ್ಷ, ತಿಂಗಳು, ದಿನ, ಆ ದಿನದ ಎಷ್ಟನೇ ತಿದ್ದುಪಡಿ ಎಂಬ ಕ್ರಮದಲ್ಲಿ 2025061401 ಎಂದು ಬರೆಯುವುದು ರೂಢಿ. ತಿದ್ದಿ ಸೀರಿಯಲ್ ಏರಿಸದಿದ್ದರೆ ಎರಡನೇ ಸರ್ವರ್‌ಗೆ ಹೊಸದು ತಲುಪುವುದೇ ಇಲ್ಲ. ಅರ್ಧ ಜನರಿಗೆ ಹೊಸ ವಿಳಾಸ, ಅರ್ಧ ಜನರಿಗೆ ಹಳೆಯದು. "ನನ್ನ ಹೆಸರನ್ನು ಬೇಕೆಂದೇ ಕೆಡಿಸಿದ್ದಾರೆ" ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. ಇನ್ನೊಂದು, ಪೂರ್ತಿ ಹೆಸರಿನ ಕೊನೆಯ ಚುಕ್ಕೆ. ಅದು ಬಿಟ್ಟುಹೋದರೆ ಸರ್ವರ್ ಆ ಹೆಸರಿನ ಹಿಂದೆ ಡೊಮೇನನ್ನು ಇನ್ನೊಮ್ಮೆ ಅಂಟಿಸುತ್ತದೆ.

ವಿಳಾಸ ಬದಲಾಯಿಸುವ ಮೊದಲು ಟಿಟಿಎಲ್ (ಸಿಕ್ಕ ಉತ್ತರವನ್ನು ಬೇರೆ ಯಂತ್ರಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಅಂಕಿ) ಇಳಿಸಿ. 86400 ಸೆಕೆಂಡ್, ಅಂದರೆ ಒಂದು ದಿನ ಇದ್ದರೆ, ಹಿಂದಿನ ದಿನವೇ 300ಕ್ಕೆ ತನ್ನಿ. ಕೆಲಸ ಮುಗಿದ ಮೇಲೆ ಮತ್ತೆ ಏರಿಸಿ. ನಿಧಾನದ ರೇಡಿಯೋ ಲಿಂಕ್‌ನಲ್ಲಿ ಸಣ್ಣ ಟಿಟಿಎಲ್ ಎಂದರೆ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿ ಲಿಂಕನ್ನು ಸುಮ್ನೆ ತುಂಬಿಸಿದಂತೆ.

ಝೋನ್ ಫೈಲನ್ನು ಗಿಟ್‌ನಲ್ಲಿಡಿ, ಅದು ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ. ಯಾರು, ಯಾವಾಗ, ಯಾಕೆ ತಿದ್ದಿದರು ಎನ್ನುವುದು ತಾನಾಗಿಯೇ ದಾಖಲಾಗುತ್ತದೆ.

ಹೆಜ್ಜೆ 5: ಏನು ಕಳಿಸಬಹುದು ಎಂಬ ನಿಯಮ

ನೀತಿಯ ತಕರಾರುಗಳಲ್ಲಿ ಅತಿ ಉದ್ದ ಎಳೆಯುವುದು ಇದೇ. ನಿಮ್ಮ ನಿಯಮದ ತಳಪಾಯ ಲೈಸೆನ್ಸಿನ ಷರತ್ತುಗಳೇ ಆಗಿರಲಿ. ಅಂತರರಾಷ್ಟ್ರೀಯ ರೇಡಿಯೋ ನಿಯಮಗಳ 25ನೇ ವಿಧಿ ಬೇರೆ ಬೇರೆ ದೇಶಗಳ ಹ್ಯಾಮ್‌ಗಳ ನಡುವೆ ಅರ್ಥ ಮರೆಮಾಚಲೆಂದು ಸಂಕೇತ ಬಳಸುವುದನ್ನು ತಡೆಯುತ್ತದೆ. ವಿನಾಯಿತಿ ಇರುವುದು ಹ್ಯಾಮ್ ಉಪಗ್ರಹಗಳಿಗೆ ಕಳಿಸುವ ನಿಯಂತ್ರಣ ಸಂಕೇತಕ್ಕೆ ಮಾತ್ರ. ಭಾರತದ 1978ರ ಹವ್ಯಾಸಿ ರೇಡಿಯೋ ನಿಯಮಗಳೂ ಸರಳ ಭಾಷೆಯನ್ನೇ ಕೇಳುತ್ತವೆ. ಸಂಗೀತ, ಜಾಹೀರಾತು, ವ್ಯಾಪಾರದ ಮಾತು ಬೇಡ ಎನ್ನುತ್ತವೆ.

ಈಗಿನ ಇಂಟರ್ನೆಟ್ ಬಹುತೇಕ ಎಲ್ಲವನ್ನೂ ಮುಚ್ಚಿ, ಅಂದರೆ ಗುಪ್ತಲಿಪಿಯಲ್ಲಿ, ಕಳಿಸುತ್ತದೆ. ಅಲ್ಲೇ ಘರ್ಷಣೆ. ಒಬ್ಬರು "ಎಚ್‌ಟಿಟಿಪಿಎಸ್ ಇಲ್ಲದೆ ಬ್ರೌಸರ್ ಗೊಣಗುತ್ತದೆ" ಎನ್ನುತ್ತಾರೆ, ಇನ್ನೊಬ್ಬರು "ಲೈಸೆನ್ಸ್ ಹೋಗುತ್ತದೆ" ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಹಾಗಾಗಿ ನಿಯಮವನ್ನು ಸೇವೆಯ ಹೆಸರಿಗೆ ಅಂಟಿಸದೆ, ಲಿಂಕ್ ಯಾವುದು ಎಂಬುದಕ್ಕೆ ಅಂಟಿಸಿ. ಹ್ಯಾಮ್ ಬ್ಯಾಂಡಿನಲ್ಲಿ, ಹ್ಯಾಮ್ ಲೈಸೆನ್ಸಿನ ಕೆಳಗೆ ಓಡುವ ಲಿಂಕ್‌ನಲ್ಲಿ ಗುಪ್ತಲಿಪಿ ಬೇಡ. ಎರಡು ಕಡೆಯ ಜಾಲಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ಟನಲ್‌ಗೆ ಆ ನಿರ್ಬಂಧ ಇಲ್ಲ, ಅಲ್ಲಿ ಗಾಳಿಯಲ್ಲಿ ಏನೂ ಹೋಗುತ್ತಿಲ್ಲ. ಭಾರತದಲ್ಲಿ 2018ರಲ್ಲಿ ಲೈಸೆನ್ಸ್‌ಮುಕ್ತವಾದ 5 ಗಿಗಾಹರ್ಟ್ಸ್ ಭಾಗದಲ್ಲಿ, ಅಲ್ಲಿನ ಪವರ್ ಮಿತಿಯೊಳಗೇ ನಡೆಸುವ ಲಿಂಕ್ ಸಾಮಾನ್ಯ ವೈಫೈ ಇದ್ದಂತೆ, ಮುಚ್ಚಿ ಕಳಿಸಬಹುದು. ಆದರೆ ಹ್ಯಾಮ್ ಲೈಸೆನ್ಸಿನ ಹೆಚ್ಚಿನ ಪವರನ್ನೂ ವೈಫೈನ ಗುಟ್ಟನ್ನೂ ಒಟ್ಟಿಗೆ ಬೇಕು ಎನ್ನುವಂತಿಲ್ಲ. ಒಂದನ್ನು ಆರಿಸಿಕೊಳ್ಳಿ, ಯಾವುದನ್ನು ಆರಿಸಿಕೊಂಡಿರಿ ಎಂದು ಬರೆಯಿರಿ.

ಸಹಿ ಬೇರೆ, ಗುಟ್ಟು ಬೇರೆ. ಡಿಎನ್‌ಎಸ್‌ನ ಸುರಕ್ಷಾ ಸೇರ್ಪಡೆಯಾದ ಡಿಎನ್‌ಎಸ್‌ಸೆಕ್ ಉತ್ತರಕ್ಕೆ ಸಹಿ ಹಾಕುತ್ತದೆ, ಏನನ್ನೂ ಮುಚ್ಚುವುದಿಲ್ಲ. ಅದನ್ನು ರೇಡಿಯೋ ಮೇಲೆ ಧೈರ್ಯವಾಗಿ ಬಳಸಿ. ಬ್ರೌಸರಿನ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಮಾತ್ರ ಪ್ರಶ್ನೆಯನ್ನೇ ಮುಚ್ಚಿ ಹೊರಗಿನ ಸರ್ವರ್‌ಗೆ ಕಳಿಸುತ್ತದೆ. ಆಗ ನಿಮ್ಮ ಒಳಗಿನ ಹೆಸರು ಅದಕ್ಕೆ ಗೊತ್ತೇ ಆಗುವುದಿಲ್ಲ. ಫೈರ್‌ಫಾಕ್ಸ್‌ಗೆ ಒಂದು ದಾರಿ ಇದೆ. ಅದು ಯೂಸ್-ಅಪ್ಲಿಕೇಶನ್-ಡಿಎನ್‌ಎಸ್ ಡಾಟ್ ನೆಟ್ ಎಂಬ ಹೆಸರನ್ನು ಮೊದಲು ನಿಮ್ಮ ಸರ್ವರ್‌ಗೇ ಕೇಳಿ ನೋಡುತ್ತದೆ. "ಅಂಥ ಹೆಸರಿಲ್ಲ" ಎಂದು ಉತ್ತರ ಕೊಟ್ಟರೆ, ಬಳಕೆದಾರರು ತಾವಾಗಿ ಆನ್ ಮಾಡಿರದಿದ್ದರೆ, ಅದು ಸುಮ್ಮನಾಗಿ ನಿಮ್ಮ ಸರ್ವರ್ ಬಳಸುತ್ತದೆ.

ಹೆಜ್ಜೆ 6: ದೂರು ಬಂದಾಗ

ದೂರು ಬರವಣಿಗೆಯಲ್ಲಿ ಬರಲಿ, ಯಾವ ನಿಯಮ ಮುರಿದಿದೆ ಎಂದು ಆ ಸಾಲನ್ನೇ ತೋರಿಸಲಿ. ಸಾಲು ತೋರಿಸಲಾಗದಿದ್ದರೆ ಅದು ದೂರಲ್ಲ, ಸಲಹೆ. ಮುಂದಿನ ಸಭೆಗೆ ಇಡಿ.

ದೂರು ನಡೆಯುವಾಗ ಯಾರ ಹೆಸರನ್ನೂ ಅಳಿಸಬೇಡಿ, ಯಾರಿಗೂ ವರ್ಗಾಯಿಸಬೇಡಿ. ಒಂದು ರೆಕಾರ್ಡ್ ತಾನೇ, ಆಮೇಲೆ ಹಾಕಿದರಾಯಿತು ಎನಿಸಬಹುದು. ಹಾಗಲ್ಲ. 44ರ ಜಾಲದಲ್ಲಿ ಇಂಟರ್ನೆಟ್‌ಗೂ ಈ ಜಾಲಕ್ಕೂ ನಡುವಿನ ಬಾಗಿಲಾದ ಸ್ಯಾನ್ ಡಿಯಾಗೋ ಗೇಟ್‌ವೇ ಮೂಲಕ ಟನಲ್‌ನಲ್ಲಿ ಬರುವವರಿಗೆ ಮೊದಲಿಂದ ಒಂದು ನಿಯಮವಿದೆ. ಎಎಂಪಿಆರ್ ಡಾಟ್ ಆರ್ಗ್‌ನಲ್ಲಿ ಎ ರೆಕಾರ್ಡ್ ಇಲ್ಲದ ವಿಳಾಸಕ್ಕೆ ಇಂಟರ್ನೆಟ್‌ನಿಂದ ಬರುವ ಪ್ಯಾಕೆಟ್ಟನ್ನು ಗೇಟ್‌ವೇ ಒಳಗೆ ಬಿಡುವುದಿಲ್ಲ. ಅಂದರೆ ಹೆಸರು ಅಳಿಸುವುದು ಫಲಕ ಕಿತ್ತಂತಲ್ಲ, ಅವರ ಬಾಗಿಲಿಗೇ ಬೀಗ ಹಾಕಿದಂತೆ. ತೀರ್ಮಾನಕ್ಕೆ ಮೊದಲೇ ಶಿಕ್ಷೆ ಕೊಟ್ಟಂತಾಗುತ್ತದೆ. ಇದಕ್ಕೆ ವಿನಾಯಿತಿ ಎರಡೇ: ಬೇರೆ ನಿಲ್ದಾಣಗಳಿಗೆ ಅಡಚಣೆ ಆಗುತ್ತಿದ್ದರೆ, ಇಲ್ಲವೇ ಯಂತ್ರಕ್ಕೆ ಕನ್ನ ಬಿದ್ದಿದ್ದರೆ. ಆಗಲೂ ನಿಲ್ಲಿಸಿದವರು ಅದೇ ದಿನ ಕಾರಣ ಬರೆದು ಎಲ್ಲರಿಗೂ ತಿಳಿಸಬೇಕು.

ತೀರ್ಪು ಕೊಡುವ ಮೂವರನ್ನು ವರ್ಷದ ಆರಂಭದಲ್ಲೇ ಆರಿಸಿ. ಸರ್ವರ್‌ನ ಪಾಸ್‌ವರ್ಡ್ ಇರುವವರು ಆ ಮೂವರಲ್ಲಿ ಬೇಡ. ತೀರ್ಮಾನಕ್ಕೆ ಗಡುವು ಇರಲಿ, ಮೇಲ್ಮನವಿ ಸರ್ವ ಸದಸ್ಯರ ಸಭೆಗೆ ಒಮ್ಮೆ ಮಾತ್ರ.

ಎಲ್ಲರಿಗೂ ತಟ್ಟುವ ತೀರ್ಮಾನವಾದರೆ ಮೊದಲು ಹೇಳಿ, ಆಮೇಲೆ ಮಾಡಿ. 2019ರಲ್ಲಿ ಎಆರ್‌ಡಿಸಿ 44ರ ವಿಳಾಸಗಳಲ್ಲಿ ಕೊನೆಯ ಕಾಲುಭಾಗವನ್ನು, ಸುಮಾರು 42 ಲಕ್ಷ ವಿಳಾಸಗಳನ್ನು, ಅಮೆಜಾನ್‌ಗೆ ಮಾರಿತು. ಹತ್ತು ಕೋಟಿ ಡಾಲರಿಗೂ ಜಾಸ್ತಿ ಹಣ ಬಂತು. ಅದು ಈಗ ಹ್ಯಾಮ್ ಯೋಜನೆಗಳಿಗೂ ಓದಿಗೂ ಅನುದಾನವಾಗಿ ಹೋಗುತ್ತಿದೆ, ಅದು ದೊಡ್ಡ ಉಪಕಾರವೇ. ಆದರೆ ಸಾಮಾನ್ಯ ಹ್ಯಾಮ್‌ಗೆ ಸುದ್ದಿ ತಲುಪಿದ್ದು ವ್ಯವಹಾರ ಮುಗಿದ ಮೇಲೆ. "ಎಲ್ಲರಿಗೂ ಸೇರಿದ್ದನ್ನು ಮಾರಲು ನೀವು ಯಾರು" ಎಂಬ ಪ್ರಶ್ನೆ ಬಹಳ ಕಾಲ ಕಾಡಿತು. ಮಾರಿದ್ದು ಸರಿಯೇ ಎಂದು ನನಗನಿಸುತ್ತದೆ, ಕೇಳದೆ ಮಾರಿದ್ದು ಸರಿಯಲ್ಲ. ಜರ್ಮನಿಯ ಹ್ಯಾಮ್‌ಗಳ ಜಾಲವಾದ ಹ್ಯಾಮ್‌ನೆಟ್‌ಗೆ ಕೊಟ್ಟಿದ್ದ 44.224ರ ಬ್ಲಾಕ್ ಆ ಕಾಲುಭಾಗದಲ್ಲೇ ಇತ್ತು. ಅವರಿಗೆ ಬದಲಿಯಾಗಿ 44.148ರ ಬ್ಲಾಕ್ ಸಿಕ್ಕಿತು. ಇಂಥ ಹೊತ್ತಿನಲ್ಲಿ ಹೆಸರು ಬಳಸಿ ಸಂರಚನೆ ಮಾಡಿದವರು ಝೋನ್ ತಿದ್ದಿದರೆ ಸಾಕು. ಅಂಕಿಗಳನ್ನೇ ಎಲ್ಲೆಡೆ ಬರೆದಿಟ್ಟವರು ಒಂದೊಂದು ಬೆಟ್ಟವನ್ನೂ ಹತ್ತಬೇಕಾಗುತ್ತದೆ.

ಹೆಜ್ಜೆ 7: ಮಾತು ಕ್ಲಬ್ ದಾಟಿದರೆ

ಹೊರಗಿನವರು ಕೆಟ್ಟ ಉದ್ದೇಶದಿಂದ ನಿಮ್ಮ ಹೆಸರನ್ನು ಹೋಲುವ ಡೊಮೇನ್ ತೆಗೆದುಕೊಂಡಿದ್ದರೆ ದಾರಿ ಇದೆ. ಡಾಟ್ ಆರ್ಗ್, ಡಾಟ್ ಕಾಮ್‌ಗೆ ಐಕ್ಯಾನ್ 1999ರಲ್ಲಿ ತಂದ ಯುಡಿಆರ್‌ಪಿ ಎಂಬ ಡೊಮೇನ್ ವಿವಾದ ನೀತಿ, ಡಾಟ್ ಇನ್‌ಗೆ ಆ ಹೆಸರುಗಳನ್ನು ನೋಡಿಕೊಳ್ಳುವ ಭಾರತದ ಸಂಸ್ಥೆ ನಿಕ್ಸಿ ನಡೆಸುವ, ಅಂಥದ್ದೇ ಆದ ಐಎನ್‌ಡಿಆರ್‌ಪಿ. ಮೂರು ವಿಷಯ ಸಾಬೀತಾಗಬೇಕು: ಹೆಸರು ನಿಮ್ಮ ಗುರುತನ್ನು ಹೋಲುತ್ತದೆ, ಅವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಉದ್ದೇಶ ಕೆಟ್ಟದ್ದು. ಯುಡಿಆರ್‌ಪಿಯಲ್ಲಿ ನೋಂದಣಿ ಮತ್ತು ಬಳಕೆ ಎರಡೂ ದುರುದ್ದೇಶದ್ದು ಎಂದು ತೋರಿಸಬೇಕು. ಡಾಟ್ ಇನ್‌ಗೆ ಎರಡರಲ್ಲಿ ಒಂದು ಸಾಕು. ಖರ್ಚನ್ನೂ ನೋಡಿ: ಯುಡಿಆರ್‌ಪಿ ದೂರನ್ನು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋ ಮುಂದೆ ಒಬ್ಬ ತೀರ್ಪುಗಾರರಿಗೆ ಒಯ್ಯಲು ಶುಲ್ಕವೇ 1,500 ಡಾಲರ್.

ಮಾಜಿ ಸದಸ್ಯರೇ ಡೊಮೇನ್ ಹಿಡಿದುಕೊಂಡಿದ್ದರೆ ಈ ದಾರಿ ಅಷ್ಟಾಗಿ ಫಲಿಸುವುದಿಲ್ಲ. ಒಳಗಿನವರ ಜಗಳ ತಮ್ಮ ವ್ಯಾಪ್ತಿಯದ್ದಲ್ಲ ಎಂದು ತೀರ್ಪುಗಾರರು ಎಷ್ಟೋ ಸಲ ಕೈಬಿಡುತ್ತಾರೆ. ಅಂಥ ಕಡೆ ಇಬ್ಬರಿಗೂ ಬೇಕಾದ ಹಿರಿಯ ಹ್ಯಾಮ್ ಒಬ್ಬರನ್ನು ಕೂರಿಸಿ ಮಾತಾಡಿ. ಅವರು ಇಷ್ಟು ವರ್ಷ ಕೈಯಿಂದ ಹಾಕಿದ ಹಣವನ್ನು ಲೆಕ್ಕ ಹಾಕಿ ಕೊಟ್ಟುಬಿಡಿ. ಮಾಡಿದ ಸೇವೆಗೆ ಸಭೆಯಲ್ಲಿ ಒಂದು ಕೃತಜ್ಞತೆ ಹೇಳಿ. ಹಟ ಹೆಚ್ಚಾಗಿ ಅಲ್ಲಿಗೇ ಕರಗುತ್ತದೆ.

ಡೊಮೇನ್ ಕೈಗೆ ಬಂದ ದಿನವೇ ಇವಿಷ್ಟು ಮುಗಿಸಿ. ವರ್ಗಾವಣೆ ಕೋಡ್ ಪಡೆದು ಹೆಸರನ್ನು ಕ್ಲಬ್ ಖಾತೆಗೆ ತನ್ನಿ, ಟ್ರಾನ್ಸ್‌ಫರ್ ಲಾಕ್ ಹಾಕಿ. ಪಾಸ್‌ವರ್ಡ್ ಬದಲಾಯಿಸಿ. ಹಳೆಯ ಎಪಿಐ ಟೋಕನ್‌ಗಳನ್ನು (ಪ್ರೋಗ್ರಾಂಗಳು ಖಾತೆಯೊಳಗೆ ಹೋಗಲು ಬಳಸುವ ಕೀಲಿಗಳು) ರದ್ದು ಮಾಡಿ, ಇದನ್ನು ಮರೆಯುವವರೇ ಜಾಸ್ತಿ. ನೇಮ್‌ಸರ್ವರ್ ಸಾಲು ಯಾವ ಯಂತ್ರವನ್ನು ತೋರಿಸುತ್ತಿದೆ ನೋಡಿ. ಕೊನೆಗೆ ಡೊಮೇನಿನ ನೋಂದಣಿ ವಿವರ ತೋರಿಸುವ ಆರ್‌ಡಿಎಪಿಯಲ್ಲಿ ಹುಡುಕಿ, ಸ್ಥಿತಿ, ಅವಧಿ ಮುಗಿಯುವ ದಿನ, ನೇಮ್‌ಸರ್ವರ್ ಮೂರೂ ಸರಿಯಿದೆಯಾ ಎಂದು ನೋಡಿ, ಆ ಪುಟವನ್ನು ಮುದ್ರಿಸಿ ನಡಾವಳಿ ಪುಸ್ತಕಕ್ಕೆ ಅಂಟಿಸಿ.